ಇಲ್ಲಿ ನಗು

ಹೆಡ್‌ಫೋನಿನಲ್ಲಿ ಬಡಿಯುತ್ತಿದ್ದ ಡ್ರಮ್ಮಿನ ಸದ್ದಿಗೆ ಅವಳ ಹಲ್ಲುಗಳೂ ಅದುರುತ್ತಿದ್ದವು. ವೇದಿಕೆಯ ಮೂಲೆಯಲ್ಲಿ ಗಾಜಿನ ಗೂಡು, ಗೂಡಿನೊಳಗೆ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಅವಳು. ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಬಾಗುತ್ತಿತ್ತು, ನೆಟ್ಟಗಾಗುತ್ತಿತ್ತು, ಒಮ್ಮೆ ಹೆಂಗಸರಂತೆ ಕುಗ್ಗಿ ಮುದುರಿಕೊಂಡಿತು. ಅವನಾಚೆ ಮೊದಲ ಎರಡು ಸಾಲಿನ ಮುಖಗಳು, ಅವುಗಳ ಹಿಂದೆ ಕತ್ತಲು. ಹಳದಿ ಅಂಗಿಯ ದಪ್ಪ ಮನುಷ್ಯನೊಬ್ಬ ತೊಡೆ ತಟ್ಟಿಕೊಂಡು ನಗುತ್ತಿದ್ದ. ಅವನ ಪಕ್ಕದ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಫ್ರೇಮು ಆ ಮೂಗಿಗೆ ದೊಡ್ಡದಾಯಿತು, ಕಡ್ಡಿ ಸ್ವಲ್ಪ ಬಗ್ಗಿಸಬೇಕು ಎಂದುಕೊಂಡಳು ಇವಳು. ಎಲ್ಲರೂ ನಗುತ್ತಿರುವಾಗ ತಾನೊಬ್ಬಳು ಮುಖ ಗಂಟಿಕ್ಕಿಕೊಂಡು ಕೂತರೆ ಚೆನ್ನಾಗಿರುವುದಿಲ್ಲವೆಂದು ಅವಳೂ ನಕ್ಕಳು. ಅದನ್ನು ನೋಡಿ ಜನ ಇನ್ನಷ್ಟು ನಕ್ಕರು.

ಮದುವೆಯಾಗಿ ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ ಮನೆಯ ನಾಲ್ಕೂ ಜನ ವಿಹಾರದ ಹಡಗು ಹತ್ತಿದ್ದರು. ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವನ ಬಳಿ ಕಾರು ಕಲಿಯಲು ಬಂದವರು ಗೇರು ಹಾಕುವುದನ್ನು ಕಲಿಯುವ ಮೊದಲು ನಗುವುದನ್ನು ಕಲಿಯುತ್ತಾರೆಂದು ಬೀದಿಯೆಲ್ಲ ಹೇಳುತ್ತಿತ್ತು. ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಜೊತೆಗೆ ಹದಿನೇಳರ ಮಗಳು ಪುಟ್ಟಿ, ಕಾಲು ಊದಿಕೊಂಡು ಹೆಚ್ಚು ನಡೆಯಲಾಗದ ಅತ್ತೆ. ಹನ್ನೆರಡು ಅಂತಸ್ತಿನ ಹಡಗು, ಮೂರು ಸಾವಿರ ಜನ. ದಿನಾ ಬೆಳಿಗ್ಗೆ ಬಾಗಿಲ ಸಂದಿಯಿಂದ ಒಂದು ಹಾಳೆ ಒಳಗೆ ಬರುತ್ತಿತ್ತು. ಗೋಡೆ ಹತ್ತುವ ಆಟ ಎಷ್ಟು ಗಂಟೆಗೆ, ಊಟದ ಮೇಜಿನ ನ್ಯಾಪ್‌ಕಿನ್ ಮಡಚಲು ಕಲಿಸುವುದು ಎಲ್ಲಿ, ಕುಣಿತ ಯಾವ ಅಂತಸ್ತಿನಲ್ಲಿ, ಎಲ್ಲ ಅದರಲ್ಲಿ. ಮೇಷ್ಟ್ರು ಹಲ್ಲುಜ್ಜುತ್ತಲೇ ಅದರ ಮೇಲೆ ಗುರುತು ಹಾಕಿಬಿಡುತ್ತಿದ್ದ. ಮೂರನೆಯ ದಿನ ಮಧ್ಯಾಹ್ನದ 'ಗಂಡ ಹೆಂಡತಿ ಆಟ'ಕ್ಕೆ ಅವಳನ್ನು ಕೇಳದೆಯೇ ಹೆಸರು ಕೊಟ್ಟು ಬಂದಿದ್ದ.

ಗೂಡಿನಿಂದ ಹೊರಗೆ ಕರೆದು ಹೆಡ್‌ಫೋನು ತೆಗೆದಾಗ ಸಭಾಂಗಣದ ಸದ್ದು ಒಮ್ಮೆಗೇ ಮೈಮೇಲೆ ಬಿತ್ತು. ಆಟ ಆಡಿಸುವವನು ಅವಳ ಬಾಯಿಗೆ ಮೈಕು ಹಿಡಿದ.

"ಅಕ್ಕಾ, ನೀವು ಕದ್ದು ಮಾಡೋ ಒಂದು ಕೆಲಸ ಯಾವ್ದು ಅಂತ ನಿಮಗೆ ಕೇಳಿಸದ ಹಾಗೆ ಯಜಮಾನ್ರನ್ನ ಕೇಳಿದ್ವಿ. ಅವ್ರು ಹೇಳಿದ್ದೇ ನಿಮ್ಮ ಬಾಯಲ್ಲೂ ಬಂದ್ರೆ ಇಪ್ಪತ್ತು ಪಾಯಿಂಟು. ಹೇಳಿ."

"ಸಕ್ಕರೆ..." ಎಂದಳು. "ಅಡುಗೆಮನೇಲಿ ನಿಂತ್ಕೊಂಡು ಸಕ್ಕರೆ ತಿಂತೀನಿ."

"ಅಯ್ಯೋ, ಅದನ್ನೂ ಮಾಡ್ತೀರಾ?"

ಸಭೆ ಗೊಳ್ಳೆಂದಿತು. "ಗೊರಕೆನಾ?" ಎಂದಳು.

"ಗೊರಕೆನ ಯಾರಾದ್ರೂ ಕದ್ದು ಹೊಡೀತಾರಾ ಅಕ್ಕಾ?"

ಮೇಷ್ಟ್ರು ಮೈಕಿನವನ ಬೆನ್ನ ಹಿಂದೆ ನಿಂತು, ಹೆಬ್ಬೆರಳು ಕಿರುಬೆರಳು ಚಾಚಿ ಕಿವಿಗೆ ಹಿಡಿದು, ಇನ್ನೊಂದು ಅಂಗೈಯನ್ನು ಓದುವಂತೆ ದಿಟ್ಟಿಸಿದ. ಅವಳ ಮುಖಕ್ಕೆ ರಕ್ತ ನುಗ್ಗಿತು.

"ಚೀಟಿ," ಎಂದಳು. ಪಿಸುಗುಟ್ಟಿದ್ದೇ, ಆದರೆ ಮೈಕು ಅದನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು.

ಫೋನಿನಲ್ಲಿ ಅವಳಿಗೆ ಚಿಕ್ಕಂದಿನಿಂದಲೂ ಮಾತು ಬರುತ್ತಿರಲಿಲ್ಲ. ಎದುರಿಗೆ ಮುಖವಿಲ್ಲದಿದ್ದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಅಂಗಡಿಯಿಂದ ಗಿರಾಕಿಗಳಿಗೆ 'ನಿಮ್ಮ ಕನ್ನಡಕ ರೆಡಿಯಾಗಿದೆ' ಎಂದು ಹೇಳಬೇಕಾದಾಗಲೂ, ಗಾಜು ಬರುವ ಸಣ್ಣ ಲಕೋಟೆಯ ಹಿಂದೆ ಮಾತುಗಳನ್ನು ಸಾಲಾಗಿ ಬರೆದುಕೊಂಡು, ಬೆರಳಿಟ್ಟು ಓದುತ್ತಿದ್ದಳು. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ನಗಬೇಕು ಎನ್ನುವುದನ್ನೂ ಬರೆದುಕೊಳ್ಳುತ್ತಿದ್ದಳು. ಇದು ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದಳು.

ಅವರೇ ಗೆದ್ದರು. ಇಬ್ಬರ ಹೆಗಲಿಗೂ 'ಹಡಗಿನ ಜೋಡಿ' ಎಂದು ಬರೆದ ನೀಲಿ ಪಟ್ಟಿ ಬಿತ್ತು. ಮೇಷ್ಟ್ರು ಅವಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ.

"ನಿನ್ನಿಂದ್ಲೇ ಗೆದ್ದಿದ್ದು ಕಣೇ," ಎಂದ ಊಟದ ಮೇಜಿನಲ್ಲಿ. "ನೋಡು, ಪಕ್ಕದ ಟೇಬಲ್ಲಿನವರು ಹೆಂಗೆ ನೋಡ್ತಿದ್ದಾರೆ. ಇನ್ನು ಈ ಹಡಗಲ್ಲಿ ನಿನ್ನನ್ನ ಗುರುತು ಹಿಡಿಯದವರು ಯಾರೂ ಇಲ್ಲ."

"ನೀವು ಅದನ್ನ ಹೇಳಬಾರದಿತ್ತು ರೀ."

"ಏ, ಸುಮ್ನಿರೇ. ಚೀಟಿ ಬರ್ಕೊಳ್ಳೋದು ಕೊಲೆನಾ, ಕಳ್ಳತನಾನಾ? ಎಲ್ರಿಗೂ ಖುಷಿಯಾಯ್ತು. ಅಲ್ವಾ ಪುಟ್ಟಿ?"

ಪುಟ್ಟಿ ತಟ್ಟೆಯಿಂದ ಮುಖ ಎತ್ತಲಿಲ್ಲ. "ಹೂಂ," ಎಂದಳು.

ಚೀಟಿ ತಾನೇ, ಹೋಗಲಿ ಎಂದುಕೊಂಡಳು ಅವಳು.

ಮರುದಿನ ಬೆಳಿಗ್ಗೆ ಕಾಫಿಯ ಸಾಲಿನಲ್ಲಿ ಹಳದಿ ಅಂಗಿಯವನು ಅವಳನ್ನು ನೋಡಿದವನೇ ಕೈಯೆತ್ತಿ "ಇಲ್ಲಿ ನಗು!" ಎಂದು ಕೂಗಿದ. ಸಾಲೆಲ್ಲ ನಕ್ಕಿತು. ಅವಳೂ ನಕ್ಕಳು. ಲಿಫ್ಟಿನಲ್ಲಿ ಮುದಿ ದಂಪತಿ, "ಇಲ್ಲಿ ನಗು ಅಂದ್ರೆ ಇವ್ರೇ ಕಣ್ರೀ," ಎಂದು ಪಕ್ಕದವರಿಗೆ ಅವಳ ಪರಿಚಯ ಮಾಡಿಕೊಟ್ಟರು. ಈಜುಕೊಳದ ಪಕ್ಕ ಟವಲ್ಲು ಕೊಡುವವನು ಟವಲ್ಲು ಕೈಗಿಡುವ ಮುಂಚೆ ಅದೇ ಎರಡು ಮಾತು ಹೇಳಿ, ಅವಳು ನಗುವವರೆಗೂ ಬಿಡಲಿಲ್ಲ. ಸುತ್ತ ಎತ್ತ ನೋಡಿದರೂ ನೀರು. ಇಳಿದು ಹೋಗಲು ಇನ್ನೂ ಮೂರು ದಿನ ಬಾಕಿ ಇತ್ತು.

ನ್ಯಾಪ್‌ಕಿನ್ ಮಡಚುವ ಕ್ಲಾಸಿನಲ್ಲಿ ಮಾತಾಡುವ ಅಗತ್ಯವಿರುವುದಿಲ್ಲವೆಂದು ಅಲ್ಲಿಗೆ ಹೋಗಿ ಕುಳಿತಳು. ಬಿಳಿ ಬಟ್ಟೆಯನ್ನು ಹಂಸ ಮಾಡಲು ಕಲಿಸುತ್ತಿದ್ದರು. ಪಕ್ಕದಲ್ಲಿ ಬಂದು ಕೂತವಳು ನಿನ್ನೆ ಮೊದಲ ಸಾಲಿನಲ್ಲಿ ಕಣ್ಣೊರೆಸಿಕೊಂಡ ಹೆಂಗಸು. ಬಗ್ಗಿದಾಗೆಲ್ಲ ಅವಳ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಇವಳು ತಡೆಯಲಾರದೆ ಕೈಚಾಚಿದಳು. ಕನ್ನಡಕದ ಕಡ್ಡಿಯನ್ನು ಬಿಸಿ ಚಹಾದ ಲೋಟದೊಳಗೆ ಒಂದು ನಿಮಿಷ ಅದ್ದಿಟ್ಟು, ಒರೆಸಿ, ಹೆಬ್ಬೆರಳಿನಿಂದ ಮೆಲ್ಲಗೆ ಬಗ್ಗಿಸಿ ಕೊಟ್ಟಳು. ಹೆಂಗಸು ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿದಳು. ಜಾರಲಿಲ್ಲ.

"ನೀವು ಇಷ್ಟು ಒಳ್ಳೆಯವ್ರು," ಎಂದಳು ಆ ಹೆಂಗಸು ಇದ್ದಕ್ಕಿದ್ದಂತೆ. "ನಿನ್ನೆ ನಾನೂ ನಕ್ಬಿಟ್ಟೆ. ರೂಮಿಗೆ ಹೋದ್ಮೇಲೆ ಕಸಿವಿಸಿ ಆಯ್ತು. ಆಸ್ಪತ್ರೇಲಿ ಕೊನೆ ಗಳಿಗೇಲಿದ್ದ ತಾಯಿಗೆ ಅಂತ ಬರ್ಕೊಂಡಿದ್ದು ಅದು, ಅಲ್ವಾ? ನಿಮ್ಮ ಯಜಮಾನ್ರು ಹೇಳಿ ತೋರ್ಸಿದ ಚೀಟಿ?"

ಇವಳ ಕೈಯಲ್ಲಿದ್ದ ಹಂಸದ ಕತ್ತು ಬಿಚ್ಚಿಕೊಂಡಿತು.

ಕ್ಯಾಬಿನ್ನಿನಲ್ಲಿ ಅತ್ತೆ ಕಾಲಡಿಗೆ ಎರಡು ದಿಂಬು ಇಟ್ಟುಕೊಂಡು ಮಂಚದ ಮೇಲೆ ಒರಗಿದ್ದರು. ಟಿವಿಯಲ್ಲಿ ಹಡಗಿನದೇ ಒಂದು ಚಾನೆಲ್ಲಿತ್ತು. ಹಿಂದಿನ ದಿನದ ಆಟಗಳನ್ನೆಲ್ಲ ಅದರಲ್ಲಿ ದಿನವಿಡೀ ತಿರುಗಿ ತಿರುಗಿ ಹಾಕುತ್ತಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಮಂಚದ ಅಂಚಿಗೆ ಕೂತು ಕಾದಳು. ಕುಣಿತ ಮುಗಿಯಿತು, ಗೋಡೆ ಹತ್ತುವುದು ಮುಗಿಯಿತು. ಆಮೇಲೆ ಗಾಜಿನ ಗೂಡಿನೊಳಗೆ ಏನೂ ತಿಳಿಯದೆ ನಗುತ್ತಿರುವ ಒಬ್ಬ ಹೆಂಗಸು ಕಂಡಳು.

"ಇವಳಮ್ಮ ಆಸ್ಪತ್ರೇಲಿ ಇದ್ರು," ಎನ್ನುತ್ತಿದ್ದ ಮೇಷ್ಟ್ರು ಟಿವಿಯೊಳಗೆ. "ನರ್ಸು ಅವ್ರ ಕಿವಿಗೆ ಫೋನು ಹಿಡೀತಾಳೆ. ಇಲ್ಲಿ ನಮ್ಮವಳ ಕೈಯಲ್ಲಿ ಚೀಟಿ. ಹೆತ್ತ ತಾಯಿಗೂ ಚೀಟಿ ಸ್ವಾಮೀ!" ಅವನು ಕುಗ್ಗಿ ಮುದುರಿಕೊಂಡು, ಅವಳ ದನಿಯನ್ನು ಹಾಗೆಯೇ ತೆಗೆದ. "ಅಮ್ಮ, ನಾನು. ಊಟ ಆಯ್ತಾ. ಉತ್ತರ ಬರದಿದ್ರೆ ಐದು ಎಣಿಸು. ಒಂದು, ಎರಡು, ಮೂರು... ಪುಟ್ಟಿ ಹಾಡು ಕಲೀತಿದಾಳೆ. ಇಲ್ಲಿ ನಗು. ಹೆ ಹೆ ಹೆ. ಭಾನುವಾರ ಬರ್ತೀನಿ. ಅಳಬೇಡ. ಅಳಬೇಡ ಅನ್ನೋದರ ಕೆಳಗೆ ಎರಡು ಗೆರೆ!"

ಒಂದು ಮಾತೂ ತಪ್ಪಿರಲಿಲ್ಲ. ಅಮ್ಮ ಶುಕ್ರವಾರವೇ ಹೋಗಿಬಿಟ್ಟಿದ್ದಳು. ಆ ಚೀಟಿಯನ್ನು ಅವಳು ಅಮ್ಮನ ಕನ್ನಡಕದ ಡಬ್ಬಿಯೊಳಗೆ ಮಡಚಿಟ್ಟಿದ್ದಳು. ಐದು ವರ್ಷವಾಗಿತ್ತು. ಐದು ವರ್ಷ ಅವನು ಅದನ್ನು ಬಾಯಿಪಾಠ ಮಾಡಿಟ್ಟುಕೊಂಡು, ಒಂದು ದಿನವೂ ತುಟಿ ಬಿಚ್ಚದೆ, ಒಳ್ಳೆಯ ಸಭೆ ಸಿಗಲೆಂದು ಕಾದಿದ್ದ.

ಆಗ ಕ್ಯಾಮೆರಾ ಜನರ ಕಡೆಗೆ ತಿರುಗಿತು. ಐದನೆಯ ಸಾಲಿನಲ್ಲಿ ಅತ್ತೆ ಕಲ್ಲಿನಂತೆ ಕುಳಿತಿದ್ದರು. ಅವರ ಪಕ್ಕದಲ್ಲಿ ಪುಟ್ಟಿ. ಪುಟ್ಟಿ ಹೊಟ್ಟೆ ಹಿಡಿದುಕೊಂಡು, ಪಕ್ಕದ ಯಾರೋ ಹುಡುಗಿಯ ಹೆಗಲಿಗೆ ಹಣೆ ಒತ್ತಿ, ಬಿದ್ದು ಬಿದ್ದು ನಗುತ್ತಿದ್ದಳು. ತಲೆ ಎತ್ತಿದಾಗ ಕಣ್ಣಲ್ಲಿ ನೀರು. ಹುಡುಗಿಗೆ ಏನೋ ಹೇಳಿದಳು. ತುಟಿ ಓದಲು ಇವಳಿಗೆ ಕಷ್ಟವಾಗಲಿಲ್ಲ. 'ನಮ್ಮಮ್ಮ ನಿಜವಾಗ್ಲೂ ಹಿಂಗೇನೇ.'

ಆಮೇಲೆ ಅತ್ತೆಯೇ ಹೇಳಿದರು.

"ಇವನಪ್ಪಂಗೆ ಒಂದು ಕಾಲು ಕುಂಟು. ನಿಂಗೊತ್ತಲ್ಲ. ನಾಲ್ಕು ವರ್ಷದವನಿದ್ದಾಗಿಂದ ಇವನು ಅದನ್ನ ಮಾಡಿ ತೋರಿಸ್ತಿದ್ದ. ನಾನೇ ಅಕ್ಕಪಕ್ಕದವ್ರನ್ನ ಕರೆದು ಮಾಡಿಸ್ತಿದ್ದೆ. ನಮ್ಮನೆಯವ್ರು ಒಳಗಿಂದ ನೋಡ್ತಾ ಕೂತಿರೋರು."

"ನೀವು ನಗ್ತಿದ್ರಾ?"

"ನಗದೆ ಇರ್ತೀನಾ? ಅಷ್ಟು ಚೆನ್ನಾಗಿ ಮಾಡ್ತಿದ್ದ ಕಣೇ."

ಅತ್ತೆ ಟಿವಿ ಆರಿಸಿ ಗೋಡೆಯ ಕಡೆ ಹೊರಳಿದರು.

ನಾಲ್ಕು ಗಂಟೆಗೆ ಪ್ರಯಾಣಿಕರ ಪ್ರತಿಭಾ ಪ್ರದರ್ಶನ. ಪುಟ್ಟಿ ಹಾಡುವವಳಿದ್ದಳು. ಒಳ್ಳೆಯ ಕಂಠ, ಆದರೆ ವೇದಿಕೆ ಹತ್ತಿದರೆ ಎರಡನೆಯ ಚರಣ ಮರೆತುಹೋಗುತ್ತಿತ್ತು. ಆರು ವರ್ಷದವಳಿದ್ದಾಗಿನಿಂದಲೂ ಹೀಗೇ. ಅದಕ್ಕೇ ಮಗಳು ಎಲ್ಲಿ ಹಾಡಿದರೂ ತಾಯಿ ಮೊದಲ ಸಾಲಿನ ನಡುವೆ ಕೂತು, ಸದ್ದಿಲ್ಲದೆ ಇಡೀ ಹಾಡನ್ನು ತುಟಿಯಲ್ಲೇ ಆಡುತ್ತಿದ್ದಳು. ಮಗಳು ಅವಳ ತುಟಿ ನೋಡಿಕೊಂಡು ಹಾಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಪರದೆಯ ಪಕ್ಕದಲ್ಲಿ ಪುಟ್ಟಿ ಅವಳ ಕೈ ಹಿಡಿದುಕೊಂಡಳು.

"ಅಮ್ಮ, ನಡುವೆನೇ ಕೂತ್ಕೋ. ಲೈಟು ಬೀಳೋ ಕಡೆ. ಕಾಣಬೇಕು ನಂಗೆ."

"ಕೂತ್ಕೋತೀನಿ."

"ಯಾಕಮ್ಮ ಒಂಥರಾ ಇದೀಯ?"

"ಏನಿಲ್ಲ. ಟಿವಿ ನೋಡ್ತಿದ್ದೆ."

ಪುಟ್ಟಿಗೆ ಅದು ಅರ್ಥವಾಯಿತೋ ಇಲ್ಲವೋ. ಅಷ್ಟರಲ್ಲಿ ಹೆಸರು ಕರೆದರು.

ಅವಳು ನಡುವೆಯೇ ಕುಳಿತಳು, ಬೆಳಕು ಬೀಳುವಲ್ಲಿ. ಮೇಷ್ಟ್ರು ಪಕ್ಕದಲ್ಲಿ ನೀಲಿ ಪಟ್ಟಿ ಹಾಕಿಕೊಂಡೇ ಕೂತಿದ್ದ. ಹಾಡು ಶುರುವಾಯಿತು. ಮೊದಲ ಚರಣ ಎಷ್ಟು ಸೊಗಸಾಗಿ ಬಂತೆಂದರೆ ಹಿಂದೆ ಗುಸುಗುಸು ಮಾತಾಡುತ್ತಿದ್ದವರೂ ಸುಮ್ಮನಾದರು. ಅವಳ ತುಟಿ ತನ್ನಷ್ಟಕ್ಕೆ ಆಡುತ್ತಿತ್ತು. ಎರಡನೆಯ ಚರಣದ ಮೂರನೆಯ ಸಾಲಿಗೆ ಬರುವಾಗ ಪುಟ್ಟಿಯ ಹುಬ್ಬು ಒಂದಿಷ್ಟು ಮೇಲೇರಿತು. ಮರೆತಾಗ ಹಾಗಾಗುತ್ತದೆಂದು ತಾಯಿಗೆ ಗೊತ್ತಿತ್ತು. ಮಗಳ ಕಣ್ಣು ನೇರ ಅವಳ ಬಾಯಿಗೆ ಬಂದು ನಿಂತಿತು.

ಅವಳು ಬಾಯಿ ಮುಚ್ಚಿದಳು.

ಸಾಲು ನಾಲಿಗೆಯ ಮೇಲೆ ಇಡಿಯಾಗಿತ್ತು, ಒಂದು ಅಕ್ಷರವೂ ಮಾಸದೆ. ಹಿನ್ನೆಲೆಯ ವಾದ್ಯ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಪುಟ್ಟಿ ಒಂದು ಹೆಜ್ಜೆ ಮುಂದೆ ಬಂದಳು, ಇನ್ನೂ ಹತ್ತಿರದಿಂದ ನೋಡಿದರೆ ಕಾಣಬಹುದೆಂಬಂತೆ. "ಅಮ್ಮ," ಎಂದು ಅವಳ ತುಟಿ ಆಡಿತು. ತಾಯಿ ಕಣ್ಣು ತಪ್ಪಿಸಲಿಲ್ಲ. ತುಟಿಯನ್ನು ಒಳಗಿನಿಂದ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಹೊರಗಿನಿಂದ ನೋಡಿದವರಿಗೆ ಅದು ಸಣ್ಣ ಮುಗುಳ್ನಗೆಯಂತೆ ಕಂಡಿರಬೇಕು.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೇಷ್ಟ್ರು ಎದ್ದು ನಿಂತ. ಮಗಳನ್ನು ಕಾಪಾಡಬೇಕೆಂದೇ ಅವನು ಎದ್ದಿದ್ದು, ಅವನಿಗೆ ಗೊತ್ತಿದ್ದ ಒಂದೇ ದಾರಿಯಲ್ಲಿ.

"ಪುಟ್ಟೀ, ಚೀಟಿ ತರ್ಲಿಲ್ವಾ?" ಎಂದು ಕೂಗಿದ. "ಇಲ್ಲಿ ನಗು!"

ಸಭಾಂಗಣ ನಗುವಿನಿಂದ ಸಿಡಿಯಿತು. ಎಂಟುನೂರು ಜನ ಒಟ್ಟಿಗೆ ಕೈ ತಟ್ಟಿ, "ಇಲ್ಲಿ ನಗು, ಇಲ್ಲಿ ನಗು" ಎಂದು ತಾಳ ಹಾಕಿದರು. ಪುಟ್ಟಿ ನಗಲು ನೋಡಿದಳು. ಬಾಯಿ ಅಗಲವಾಯಿತು, ಅಷ್ಟೇ. ಮೈಕನ್ನು ಎಲ್ಲಿಡಬೇಕೆಂದು ತಿಳಿಯದೆ ನೆಲಕ್ಕೆ ಇಟ್ಟಳು. ಅದು ಉರುಳಿ ಕಿರ್ರೆಂದು ಅರಚಿತು. ಅವಳು ಓಡಿಹೋದಳು.

"ಯಾಕೆ ಹಿಂಗ್ ಮಾಡಿದ್ಲು?" ಎಂದ ಮೇಷ್ಟ್ರು ಕೂರುತ್ತಾ. ಅವನ ಮುಖದಲ್ಲಿ ಇನ್ನೂ ನಗು ಉಳಿದಿತ್ತು. "ನೀನು ಹೇಳಿಕೊಡ್ಲಿಲ್ವಾ?"

"ಇಲ್ಲ," ಎಂದಳು ಅವಳು.

ಅವನು ಅವಳತ್ತ ತಿರುಗಿದ. ಹೆಗಲಿನ ನೀಲಿ ಪಟ್ಟಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡ. ವೇದಿಕೆಗೆ ಮೌತ್ ಆರ್ಗನ್ ಹಿಡಿದ ಮುದುಕನೊಬ್ಬ ಬಂದ. ಅವನು ಊದಿ ಮುಗಿಸುವವರೆಗೂ ಅವಳು ಕೂತಿದ್ದಳು. ಮುಗಿದಾಗ ಎಲ್ಲರಂತೆ ಚಪ್ಪಾಳೆ ತಟ್ಟಿ, ಎದ್ದಳು.

ಒಂಬತ್ತನೆಯ ಅಂತಸ್ತಿನಲ್ಲಿ ಲಿಫ್ಟಿನಿಂದ ಹೊರಬಂದಾಗ ಉದ್ದನೆಯ ಓಣಿಯಲ್ಲಿ ಯಾರೂ ಇರಲಿಲ್ಲ, ಪುಟ್ಟಿಯ ಹೊರತು. ಕೆಂಪು ಜಮಖಾನೆ, ಎರಡೂ ಬದಿಗೆ ಒಂದೇ ಬಗೆಯ ಬಾಗಿಲು. ಹುಡುಗಿ ಹಡಗಿನ ಎಡಬದಿಯ ಓಣಿಗೆ ಬಂದಿದ್ದಳು. ಅವರ ಕ್ಯಾಬಿನ್ನು ಬಲಬದಿಯಲ್ಲಿ, ಗೋಡೆಯಾಚೆ. ಮೊಣಕೈಯಿಂದ ಕಣ್ಣೊರೆಸಿಕೊಳ್ಳುತ್ತಾ, ನಂಬರು ನೋಡದೆ, ಒಂದು ಬಾಗಿಲಿಗೆ ಬೀಗ ತೆರೆಯುವ ಕಾರ್ಡು ತಾಗಿಸಿದಳು. ಹಿಡಿಕೆಯ ಮೇಲೆ ಸಣ್ಣ ಕೆಂಪು ದೀಪ ಹೊತ್ತಿ ಆರಿತು, ಬಾಗಿಲು ತೆರೆಯಲಿಲ್ಲ. ಪಕ್ಕದ ಬಾಗಿಲಿಗೆ ತಾಗಿಸಿದಳು. ಕೆಂಪು. ಅದರ ಮುಂದಿನದಕ್ಕೆ.

ತಾಯಿ ಓಣಿಯ ಈ ತುದಿಯಲ್ಲಿ ಗೋಡೆಗೆ ಕೈಯಿಟ್ಟು ನಿಂತಳು. ಹಡಗು ಮೆಲ್ಲಗೆ ಒಂದು ಬದಿಗೆ ವಾಲಿ, ಮತ್ತೆ ನೆಟ್ಟಗಾಯಿತು. ಪುಟ್ಟಿ ಇನ್ನೊಂದು ಬಾಗಿಲ ಮುಂದೆ ನಿಂತು, ಕಾರ್ಡನ್ನು ಲಂಗಕ್ಕೆ ಉಜ್ಜಿ, ತಿರುವಿ ಹಿಡಿದು, ಮತ್ತೆ ತಾಗಿಸಿದಳು.