ಹೊಲಿಯದ ಬಟ್ಟೆಗಳ ಕುರ್ಚಿ

ಟೈಲರಮ್ಮನ ಅಂಗಡಿಯಲ್ಲಿ ಗಿರಾಕಿಗಳು ಮೇಜು ಹತ್ತಬೇಕಿತ್ತು. ಉದ್ದನೆಯ ಉಡುಪಿನ ಕೆಳ ಅಂಚಿಗೆ ಗುಂಡುಪಿನ್ನು ಚುಚ್ಚುವಾಗ ಯಾವ ಟೈಲರಾದರೂ ನೆಲಕ್ಕೆ ಮಂಡಿಯೂರುತ್ತಾರೆ. ಈಕೆಯದು ತೊಂಬತ್ತಾರು ಕಿಲೋ ತೂಕ, ಮಂಡಿಗಳೆರಡೂ ಮುಷ್ಕರ ಹೂಡಿ ನಾಲ್ಕು ವರ್ಷ. ಹಾಗಾಗಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗಿರಾಕಿಯನ್ನೇ ಹತ್ತಿಸಿ, ತಾನು ನಿಂತಲ್ಲೇ ಪಿನ್ನು ಚುಚ್ಚುತ್ತಿದ್ದಳು. ಹುಡುಗಿಯರು ಕಿಸಕಿಸ ನಗುತ್ತ ಹತ್ತುತ್ತಿದ್ದರು.

ಹೆಡ್‌ಮೇಡಂ ಮಾತ್ರ ಹತ್ತಲಿಲ್ಲ. ಎಪ್ಪತ್ತೆರಡು ವರ್ಷದ ಅವರು ಟೈಲರಮ್ಮನಿಗಿಂತಲೂ ಒಂದು ಸುತ್ತು ದಪ್ಪ. ಒಂದು ಕಾಲದಲ್ಲಿ ಇವಳಿಗೆ ಲೆಕ್ಕ ಕಲಿಸಿದವರು. ಈಗ ಗಾಯನ ತಂಡವೊಂದರಲ್ಲಿ ಹಾಡುತ್ತಿದ್ದರು. ಇನ್ನು ಮೂರು ತಿಂಗಳಿಗೆ ಕಾರ್ಯಕ್ರಮ, ಅದಕ್ಕೊಂದು ನೀಲಿ ರೇಷ್ಮೆಯ ಗೌನು ಬೇಕಿತ್ತು. ಹೋದ ಸಲ ಅಂಚು ಕಾಲಿಗೆ ತೊಡರಿ ವೇದಿಕೆಯ ಮೇಲೇ ಮುಗ್ಗರಿಸಿದ್ದರಂತೆ.

"ಐದನೇ ಕ್ಲಾಸಲ್ಲಿ ನಿನ್ನ ಬೆಂಚ್ ಮೇಲೆ ನಿಲ್ಲಿಸಿದ್ದಕ್ಕೆ ಈಗ ಸೇಡು ತೀರಿಸ್ಕೋತಿದೀಯೇನೆ? ನನ್ನ ಮಂಡೀನೂ ನಿನ್ನ ಮಂಡಿ ಥರಾನೇ ಕಣೆ. ಆಗಲ್ಲ ಅಂದ್ರೆ ಹೇಳ್ಬಿಡು, ಎದುರಿನ ಅಂಗಡಿಗೆ ಕೊಡ್ತೀನಿ."

"ಬೇಡ ಮೇಡಂ! ಮೇಜು ಬೇಡ, ನೆಲದ ಮೇಲೇ ನಿಲ್ಲಿ. ನಾನೇ ಹೊಲೀತೀನಿ."

ಮಾತು ಕೊಟ್ಟದ್ದಾಯಿತು, ಮಂಡಿ ಊರುವುದು ಹೇಗೆಂದು ಟೈಲರಮ್ಮನಿಗೇ ಗೊತ್ತಿರಲಿಲ್ಲ. ತನಗೆ ಕಲಿಸಿದವರ ಬಟ್ಟೆ ಎದುರಿನ ಅಂಗಡಿಗೆ ಹೋದರೆ ಆ ಬೀದಿಯಲ್ಲಿ ತಲೆ ಎತ್ತಿ ಓಡಾಡುವಂತಿರಲಿಲ್ಲ.

ಮರುದಿನವೇ ಫಿಸಿಯೋ ಬಳಿ ಹೋದಳು. ಕಡ್ಡಿಯಂಥ ಹುಡುಗಿ. ಬಾಯಿ ಬಿಟ್ಟರೆ "ಇನ್ನೊಂದ್ಸಲ ಆಂಟಿ" ಎನ್ನುತ್ತಿದ್ದುದರಿಂದ ಟೈಲರಮ್ಮನ ಮನೆಯಲ್ಲಿ ಅವಳಿಗೆ 'ಇನ್ನೊಂದ್ಸಲ' ಎಂದೇ ಹೆಸರು ಬಿತ್ತು.

"ನೋವು ಅಂತ ಕಾಲಿಗೆ ರಜೆ ಕೊಟ್ರೆ ತೊಡೆ ಸೊರಗತ್ತೆ, ಭಾರ ಎಲ್ಲ ಮಂಡಿ ಮೇಲೇ ಬೀಳತ್ತೆ," ಎಂದಳು ಅವಳು. "ತೂಕ ನಿಧಾನಕ್ಕೆ ಇಳೀಲಿ. ಮೊದ್ಲು ತೊಡೆ ಗಟ್ಟಿಯಾಗ್ಲಿ. ಕೈ ಊರದೆ ಕುರ್ಚಿಯಿಂದ ಎದ್ದೇಳಿ ನೋಡೋಣ."

ಏಳಲಾಗಲಿಲ್ಲ. ಕುರ್ಚಿಯನ್ನು ಎತ್ತರ ಮಾಡಿಕೊಂಡು ವಾರವಾರ ಇಳಿಸುತ್ತ ಬರಬೇಕೆಂದು ಅಪ್ಪಣೆಯಾಯಿತು.

ಎತ್ತರಕ್ಕೇನು ಬರ? ಅಂಗಡಿಯ ತುಂಬ ಹೊಲಿಯದೆ ಬಿದ್ದ ಬಟ್ಟೆಗಳಿದ್ದವು. ಆರು ಗಂಟುಗಳನ್ನು ಕುರ್ಚಿಯ ಮೇಲೆ ಪೇರಿಸಿ, ಹೊಲಿದು ಮುಗಿಸಿದ ಮೇಲೇ ಒಂದೊಂದನ್ನು ಇಳಿಸುವುದೆಂದು ಗೊತ್ತುಮಾಡಿಕೊಂಡಳು. ದಪ್ಪ ಕಾಗದದಲ್ಲಿ ಸುತ್ತಿದ ನೀಲಿ ರೇಷ್ಮೆಯನ್ನು ಎಲ್ಲಕ್ಕಿಂತ ಕೆಳಗಿಟ್ಟಳು. ಮಂಡಿಯೂರುವ ದಿನ ಆದಷ್ಟು ತಡವಾಗಿ ಬರಲೆಂಬ ಜಾಣತನ, ಮತ್ತೇನಲ್ಲ!

"ಕಾವಿಗೆ ಕೂತ ಕೋಳಿ ಥರ ಇದೀಯಲ್ಲೇ," ಎಂದ ಗಂಡ. ಅವನು ಅಂಗಡಿಯ ಮುಂಭಾಗದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ.

"ನೀವು ಸುಮ್ನೆ ಎಣಿಸ್ರೀ."

ದಿನಕ್ಕೆ ಮೂರು ಬಾರಿ, ಹತ್ತತ್ತು ಸಲ ಏಳುವುದು, ಕೂರುವುದು. ಕಾಲಿಗೆ ಕಟ್ಟಿ ಎತ್ತಲು ಮರಳಿನ ಚೀಲಗಳನ್ನು ಅವಳೇ ಹೊಲಿದಳು, ಅಂಚಿಗೆ ಲೇಸೂ ಇಟ್ಟಳು. ಅದನ್ನು ನೋಡಿ 'ಇನ್ನೊಂದ್ಸಲ' ಹುಡುಗಿ ತನ್ನ ಕ್ಲಿನಿಕ್ಕಿಗೂ ಹನ್ನೆರಡು ಹೊಲಿಸಿಕೊಂಡಳು.

ಆದರೆ ಕುರ್ಚಿ ಇಳಿಯಬೇಕೆಂದರೆ ಗಂಟಿನೊಳಗಿನ ಬಟ್ಟೆ ಹೊಲಿದು ಮುಗಿಯಬೇಕಲ್ಲ! ಟೈಲರಮ್ಮನ ಮೆಷಿನ್ನು ಪುರುಸೊತ್ತಿಲ್ಲದೆ ಓಡಿತು. ಎರಡು ವರ್ಷದಿಂದ ಕಾದಿದ್ದ ಪಕ್ಕದ ಮನೆಯಾಕೆಯ ಕೈಗೆ ಕೋಟು ಬಂದಾಗ ಆಕೆ, "ಇದು ನಂದೇನಾ?" ಎಂದು ತಿರುಗಿಸಿ ತಿರುಗಿಸಿ ನೋಡಿದಳು.

ಐದನೇ ವಾರ ತೊಡೆಗಳು ಹಿಡಿದುಕೊಂಡವು. ಕುರ್ಚಿ ಇಳಿಸಲು ಹೆದರಿದ ಟೈಲರಮ್ಮ ಹೊಲಿದು ಮುಗಿಸಿದ ಗಂಟನ್ನೂ ಕುರ್ಚಿಯ ಮೇಲೇ ಇಟ್ಟುಕೊಂಡು, ಗಿರಾಕಿ ಬಂದಾಗ "ಇನ್ನೂ ಗುಂಡಿ ಹಾಕ್ಬೇಕು" ಎಂದು ಹಸಿ ಸುಳ್ಳು ಹೇಳಿದಳು.

"ಗುಂಡಿ ಹಾಕಿ ಎರಡು ದಿನ ಆಯ್ತು," ಎಂದ ಗಂಡ, ಗಡಿಯಾರದಿಂದ ತಲೆ ಎತ್ತದೆ. "ಇವಳನ್ನ ಎಬ್ಬಿಸಿ, ಅಡಿಯಲ್ಲೇ ಇದೆ."

ಆ ದಿನ ಗಂಡನಿಗೆ ಸರಿಯಾಗಿ ಮಂಗಳಾರತಿಯಾಯಿತು. ಗಂಟು ಮಾತ್ರ ಹೋಯಿತು.

ಹತ್ತನೇ ವಾರಕ್ಕೆ ಬರೀ ಕುರ್ಚಿ ಉಳಿಯಿತು. ತೂಕ ಇಳಿದದ್ದು ಮೂರೇ ಕಿಲೋ. ಆದರೆ ಮೆಟ್ಟಿಲು ಹತ್ತುವಾಗ "ಅಯ್ಯೋ" ಎನ್ನುವುದನ್ನು ಅವಳು ಮರೆತೇಬಿಟ್ಟಿದ್ದಳು. ಗೌನು ಸಿದ್ಧವಾಯಿತು, ಅಂಚೊಂದು ಬಿಟ್ಟು.

ಹೆಡ್‌ಮೇಡಂ ಗೌನು ತೊಟ್ಟು ನಿಂತು ಮೇಜಿನತ್ತ ಅನುಮಾನದಿಂದ ನೋಡಿದರು. ಟೈಲರಮ್ಮ ನೆಲಕ್ಕೊಂದು ಮೆತ್ತೆ ಹಾಕಿ, ಉಸಿರು ಬಿಗಿಹಿಡಿದು, ಒಂದು ಮಂಡಿಯನ್ನು ಮೆಲ್ಲಗೆ ಊರಿದಳು. ನೋವು ಇತ್ತು, ಜಗಳವಾಡುವಷ್ಟಲ್ಲ. ಮೆತ್ತೆ ಸರಿಸುತ್ತ, ಪಿನ್ನು ಚುಚ್ಚುತ್ತ ಸುತ್ತು ಪೂರೈಸಿದಳು.

"ಆಯ್ತೇನೆ?"

"ಆಯ್ತು ಮೇಡಂ."

"ಹಾಗಾದ್ರೆ ಸಾಕು, ಏಳು."

ಬೆಂಚಿನಿಂದ ಇಳಿಸುವಾಗಿನ ಅದೇ ದನಿ. ಅವಳ ಕೈ ಅಭ್ಯಾಸಬಲದಿಂದ ಮೇಜಿನ ಕಾಲನ್ನು ಹುಡುಕಿತು. ತಡೆದು, ಕೈ ಹಿಂದಕ್ಕೆಳೆದುಕೊಂಡು, ತೊಡೆ ಬಿಗಿಮಾಡಿ ಎದ್ದೇ ನಿಂತಳು. ಖುಷಿಗೆ ಕಣ್ಣು ತುಂಬಿತು. ಆಚೆ ಗಂಡ ಕೈಯಲ್ಲಿದ್ದ ಸ್ಕ್ರೂ ಬೀಳಿಸಿಕೊಂಡ.

ಹೆಡ್‌ಮೇಡಂ ಕನ್ನಡಿ ನೋಡಲೇ ಇಲ್ಲ. ಅವಳ ಮಂಡಿಯನ್ನೇ ನೋಡುತ್ತ, ದನಿ ತಗ್ಗಿಸಿ ಕೇಳಿದರು, "ನಂಗೂ ಆಗತ್ತೇನೆ?"

ಗೌನು ಬದಲಿಸಿ ಬರುವಷ್ಟರಲ್ಲಿ ಟೈಲರಮ್ಮ ಹೊಸದಾಗಿ ಬಂದ ನಾಲ್ಕು ಗಂಟುಗಳನ್ನು ಕುರ್ಚಿಯ ಮೇಲೆ ಪೇರಿಸಿದ್ದಳು. "ಕೂರಿ ಮೇಡಂ. ಇವತ್ತಿಗೆ ಐದು ಸಲ ಸಾಕು. ನೀವೇ ಎಣಿಸಿ."

ಹೆಡ್‌ಮೇಡಂ ಎದ್ದರು, ಕೂತರು. "ಒಂದು." ಮತ್ತೆ ಎದ್ದರು, ಕೂತು ಏದುಸಿರು ಬಿಟ್ಟರು. "ಎರಡು." ಮೂರನೆಯ ಸಲ ಕೂತವರು ಮುಖ ಒರೆಸಿಕೊಂಡು, "ಐದು. ಆಯ್ತು," ಎಂದರು.

ಟೈಲರಮ್ಮ ಸೊಂಟಕ್ಕೆ ಕೈಯಿಟ್ಟು ಮೇಜಿನ ಕಡೆ ಬೆರಳು ತೋರಿಸಿದಳು.

"ಲೆಕ್ಕ ತಪ್ಪಿದ್ರೆ ಎಲ್ಲಿ ನಿಲ್ಲಿಸ್ತಾರೆ ಅಂತ ಗೊತ್ತಲ್ಲ ಮೇಡಂ? ಹ್ಞಾಂ, ಇನ್ನೊಂದ್ಸಲ."