ಒಂದು ಕೈ ಕಮ್ಮಿ

ಮೆಟ್ಟಿಲಿಳಿಯುವಾಗ ಅವಳ ಸೊಂಟದ ಮೇಲೆ ಒಗೆದ ಬಟ್ಟೆಯ ಬುಟ್ಟಿ, ಕೆನ್ನೆ ಮತ್ತು ಭುಜದ ನಡುವೆ ಫೋನು, ಹಲ್ಲಿನಲ್ಲಿ ಕಚ್ಚಿದ ಎರಡು ಕ್ಲಿಪ್ಪು. ಕಾಲಿನಿಂದ ಬಾಗಿಲು ತಳ್ಳಲು ಹೋಗಿ ಧೊಪ್ಪನೆ ಬಿದ್ದಳು. ಬಿದ್ದ ಮೇಲೂ ಫೋನಿನಲ್ಲಿದ್ದ ತಂಗಿಗೆ, "ಒಂದ್ನಿಮಿಷ ಇರೇ, ಬಿದ್ದೆ" ಅಂದಳಂತೆ.

ಬಲಗೈ ಮಣಿಕಟ್ಟು ಮುರಿದಿತ್ತು. ಡಾಕ್ಟರು ಮೊಣಕೈವರೆಗೂ ಪ್ಲಾಸ್ಟರ್ ಸುತ್ತಿ ಕಳಿಸಿದರು. ಮನೆಯಲ್ಲೇ ಬಟ್ಟೆ ಹೊಲಿದುಕೊಡುವವಳಿಗೆ ಬಲಗೈ ಇಲ್ಲವೆಂದರೆ ಏನುಳಿಯಿತು?

ಗಂಡ ಗಡಿಯಾರ ರಿಪೇರಿ ಮಾಡುವವನು. ಎಳ್ಳಿನಷ್ಟು ಸ್ಕ್ರೂವನ್ನು ಚಿಮಟದಲ್ಲಿ ಹಿಡಿದಾಗ ಪಕ್ಕದಲ್ಲಿ ಯಾರಾದರೂ ಸೀನಿದರೂ ಕೆಲಸ ಕೆಟ್ಟಿತು. ಒಂದು ಮುಗಿಯದೆ ಇನ್ನೊಂದು ಮುಟ್ಟುವವನಲ್ಲ. "ಒಂದೊಂದಾಗಿ ಮಾಡೇ" ಎಂದು ಹೆಂಡತಿಗೆ ಹೇಳಿ ಹೇಳಿ ಸಾಕಾಗಿತ್ತು. "ಒಂದೊಂದಾಗಿ ಮಾಡಿದ್ರೆ ಈ ಮನೇಲಿ ಯಾರ ಹೊಟ್ಟೆಗೂ ಏನೂ ಬೀಳಲ್ಲ" ಎಂದು ಅವಳೂ ಹೇಳಿ ಸೋತಿದ್ದಳು.

ಮರುದಿನ ಅಂಗಡಿಗೆ ಬೀಗ ಹಾಕಿ ಅವನೇ ಅಡುಗೆಮನೆ ಹೊಕ್ಕ. ಅವಳು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಅವನು ಹಾಲು ಒಲೆಯ ಮೇಲಿಟ್ಟು, ಕೈಕಟ್ಟಿಕೊಂಡು ಪಾತ್ರೆಯನ್ನೇ ನೋಡುತ್ತ ನಿಂತ.

"ಏನ್ರೀ ಮಾಡ್ತಿದೀರಿ?"

"ಹಾಲು ಕಾಯ್ತಾ ಇದೆ."

"ಅದು ಕಾಯ್ಲಿ, ನೀವ್ಯಾಕ್ರೀ ಕಾಯ್ತೀರಿ? ಅಷ್ಟರಲ್ಲಿ ಕ್ಯಾರೆಟ್ ಹೆಚ್ಚಿ!"

"ಹೆಚ್ಚೋಕೆ ಹೋದ್ರೆ ಉಕ್ಕತ್ತೆ."

ಅವಳು ಹಣೆ ಚಚ್ಚಿಕೊಳ್ಳಲು ಕೈಯೆತ್ತಿದಳು. ಪ್ಲಾಸ್ಟರ್ ಠಪ್ಪನೆ ಬಡಿದು ಇನ್ನಷ್ಟು ಸಿಟ್ಟು ಬಂತು.

ಹಾಲಾಯಿತು. ಆಮೇಲೆ ಕ್ಯಾರೆಟ್. ಅಳತೆ ಹಿಡಿದವನಂತೆ ಒಂದೇ ಸಮ ಹೆಚ್ಚಿದ. ಆಮೇಲೆ ಚಾಕು ತೊಳೆದ, ಒರೆಸಿದ, ಜಾಗಕ್ಕಿಟ್ಟ. ಅಕ್ಕಿಯ ಡಬ್ಬ ಇನ್ನೂ ತೆರೆದಿರಲಿಲ್ಲ. ಮಗಳು ಬರೀ ಹಾಲು ಕುಡಿದು ಕಾಲೇಜಿಗೆ ಓಡಿದ್ದಳು. ಅವನ ತಾಯಿ ಒಳಗಿನಿಂದ ಕೇಳಿದರು: "ಊಟ ಇವತ್ತಿಂದೇನಪ್ಪಾ, ನಾಳೇದಾ?"

ಅಷ್ಟರಲ್ಲಿ ಅವಳಿಗೆ ನೆನಪಾಯಿತು. ಶಾಲೆಯ ನಾಟಕಕ್ಕೆ ಹೊಲಿದ ರಾಜನ ಕೆಂಪು ಕೋಟು! ಸಂಜೆಯೇ ನಾಟಕ. ಇಸ್ತ್ರಿಯಾಗಿಲ್ಲ, ಗುಂಡಿ ಹಚ್ಚಿಲ್ಲ. ಮೇಷ್ಟ್ರು ಇನ್ನೇನು ಬರುತ್ತಾರೆ.

"ಊಟ ಆದ್ಮೇಲೆ ಮಾಡ್ತೀನಿ ಬಿಡು" ಅಂದ.

"ನಿಮ್ಮ ಊಟ ಆಗೋದ್ರಲ್ಲಿ ನಾಟಕಾನೇ ಮುಗಿದಿರತ್ತೆ! ಕುಕ್ಕರ್ ಇಡಿ. ಅದು ಕೂಗೋದ್ರೊಳಗೆ ಇಸ್ತ್ರಿ ಮಾಡಿ. ಜನ ಮಾಡಲ್ವಾ?"

ಅವನು ಕುಕ್ಕರ್ ಇಟ್ಟ. ಇಸ್ತ್ರಿ ಪೆಟ್ಟಿಗೆ ಹಿಡಿದ. ಯಾರೋ ಗಿರಾಕಿಯ ಫೋನು ಬಂತು, ಎತ್ತಿದ. "ಹೇಳಿ ಸಾರ್" ಅನ್ನುವುದರೊಳಗೆ ಕುಕ್ಕರ್ ಕೂಗಿತು. ಫೋನು ಹಿಡಿದುಕೊಂಡೇ ಒಲೆಯ ಹತ್ತಿರ ಓಡಿದ. ಇಸ್ತ್ರಿ ಪೆಟ್ಟಿಗೆ ರಾಜನ ಬೆನ್ನಿನ ಮೇಲೇ ಕೂತಿತ್ತು.

ಸೀದ ವಾಸನೆಗೆ ಅವಳೇ ಎದ್ದು ಬಂದಳು. ಕೆಂಪು ಬಟ್ಟೆಯ ನಟ್ಟನಡುವೆ ಅಂಗೈಯಗಲ ಕಂದು ಕಲೆ. ಗಂಡ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವಳಿಗೆ ಮೈ ಪರಚಿಕೊಳ್ಳುವಷ್ಟು ಕೋಪ, ಪರಚಿಕೊಳ್ಳಲೂ ಕೈಯಿಲ್ಲ.

"ನಾನು ಹೇಳಿದ್ನಲ್ಲೇ, ನನ್ನ ಕೈಲಿ ಆಗಲ್ಲ ಅಂತ."

"ಮಾತಾಡ್ಬೇಡಿ. ಆ ಹಳದಿ ಸ್ಯಾಟಿನ್ ತುಂಡು ತನ್ನಿ. ಸೂರ್ಯನ ಹಾಗೆ ಕತ್ತರಿಸಿ."

ಅವನು ಅಂಗಡಿಯ ಲೆನ್ಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕಲೆಯ ಮೇಲೆ ಸೂರ್ಯನನ್ನಿಟ್ಟು ಹೊಲಿಯತೊಡಗಿದ. ಮತ್ತೆ ತಲೆಯೆತ್ತಲಿಲ್ಲ. ಅವಳು ಎಡಗೈಯಿಂದ ಬಟ್ಟೆ ಒತ್ತಿಹಿಡಿದಳು. ಹಿಡಿದುಕೊಂಡೇ ಅತ್ತೆಗೆ ಒಲೆ ಆರಿಸಲು ಕೂಗಿದಳು, ಗಿರಾಕಿಗೆ ನಾಳೆ ಬರಲು ಹೇಳಿಸಿದಳು, ಬಾಗಿಲಿಗೆ ಬಂದೇಬಿಟ್ಟ ಮೇಷ್ಟ್ರನ್ನು ಕೂರಿಸಿ ಹಾಲು ಕೊಡಿಸಿ, ನಾಟಕದ ಕಥೆಯನ್ನೆಲ್ಲ ಕೇಳಿ ಹೊತ್ತು ಕಳೆದಳು. ಅವಳು ಹಾಗೆ ಎಲ್ಲರನ್ನೂ ತಡೆಯದಿದ್ದರೆ ಅವನ ಸೂಜಿ ಒಂದು ಕಿರಣವನ್ನೂ ದಾಟುತ್ತಿರಲಿಲ್ಲ. ಅವನು ಹಾಗೆ ತಲೆ ತಗ್ಗಿಸಿ ಕೂರದಿದ್ದರೆ ಕಲೆ ಮುಚ್ಚುತ್ತಿರಲಿಲ್ಲ. ಆ ಹೊತ್ತಿಗೆ ಇಬ್ಬರಿಗೂ ಇದು ಹೊಳೆಯಲಿಲ್ಲ. ಇಬ್ಬರೂ ಹಲ್ಲು ಕಡಿಯುತ್ತಲೇ ಇದ್ದರು.

ಕೊನೆಯ ಗುಂಡಿಯೂ ಕೂತಿತು. ಮೇಷ್ಟ್ರು ಕೋಟು ತಿರುಗಿಸಿ ನೋಡಿದರು.

"ಸೂರ್ಯ ಹಾಕಿ ಅಂತ ನಾನು ಹೇಳಿರ್ಲಿಲ್ವಲ್ಲಮ್ಮ?"

"ರಾಜ ಅಂದ್ಮೇಲೆ ಬೇಡ್ವಾ ಸಾರ್?"

"ಚೆನ್ನಾಗಿದೆ! ಹಾಗಾದ್ರೆ ಮಂತ್ರಿ ಕೋಟಿಗೂ ಒಂದು ಹಾಕ್ಕೊಡಿ, ನನ್ನ ಚೀಲದಲ್ಲೇ ಇದೆ. ನಾನು ಇಲ್ಲೇ ಕೂತಿರ್ತೀನಿ."

ಅವಳ ಬಾಯಿಂದ "ಆಯ್ತು" ಹೊರಡುವುದರೊಳಗೆ ಗಂಡ ಲೆನ್ಸು ತೆಗೆದು ಮೇಜಿನ ಮೇಲಿಟ್ಟ.

"ಈಗ ಊಟ, ಸಾರ್. ಬರೀ ಊಟ."

ಅವಳು ಗಂಡನನ್ನು ದುರುಗುಟ್ಟಿ ನೋಡಿದಳು. ಆದರೆ ಹೊಟ್ಟೆ ಚುರುಗುಟ್ಟುತ್ತಿತ್ತು. ಎದ್ದು ತಟ್ಟೆಯ ಮುಂದೆ ಕೂತಳು. ಅನ್ನ ಮುದ್ದೆಯಾಗಿತ್ತು, ಕ್ಯಾರೆಟ್ ಹಸಿಯಾಗಿಯೇ ಇತ್ತು. ಮಂತ್ರಿ ಸೂರ್ಯನಿಲ್ಲದೆಯೇ ಹೋದ.

ನಾಟಕ ನೋಡಿಬಂದ ಮಗಳು ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು: "ಅಮ್ಮಾ, ಆ ರಾಜ ಪ್ರತಿ ಮಾತಿಗೂ ಜನರ ಕಡೆ ಬೆನ್ನು ತಿರುಗಿಸ್ತಿದ್ದ, ಸೂರ್ಯ ತೋರಿಸೋಕೆ! ಒಂದು ಮಾತೂ ಕೇಳಿಸ್ಲಿಲ್ಲ. ಮೇಷ್ಟ್ರು ಪರದೆ ಹಿಂದಿಂದ 'ತಿರುಗೋ, ತಿರುಗೋ' ಅಂತ ಕೂಗಿ ಕೂಗಿ ಗಂಟಲು ಕಟ್ಟಿಸ್ಕೊಂಡ್ರು."