ಇಂಜಿನ್ನಿಗೆ ಗುಳಿಗೆ, ಮನುಷ್ಯರಿಗೆ ಮಾತ್ರೆ

ಬಿಳೀದು, ದುಂಡಗಿನದು, ಎರಡು ಬೆರಳ ನಡುವಿನಿಂದ ಜಾರಿ ಚಿಮಣಿಯ ಕರೀ ಬಾಯೊಳಗೆ ಬಿತ್ತು, ಟಿಕ್ ಅಂತ ಸಣ್ಣ ಸದ್ದೂ ಬಂತು, ಒಳಗಿನ ಬಲ್ಬಿನ ತಲೆಗೆ ತಾಗಿದ ಸದ್ದು, ಅದು ಚೆನ್ನಾಗಿ ನೆನಪಿದೆ, ಆಮೇಲೆ ನೀರು ಕುಡಿದದ್ದೂ ನೆನಪಿದೆ, ಲೋಟ ಇಲ್ಲೇ ಇದೆ, ಅರ್ಧ ಖಾಲಿ, ಅಂದರೆ ಒಂದು ಇಂಜಿನ್ನಿಗೆ ಹೋಯಿತು, ಒಂದು ಗಂಟಲಿಗೆ ಹೋಯಿತು, ಸರಿಹೋಯಿತಲ್ಲ, ಇನ್ನೇನು ಬೇಕು ಈ ಮುದುಕಿಗೆ — ಆದರೆ ಯಾವುದು ಎಲ್ಲಿಗೆ ಹೋಯಿತು? ಬೀದಿಯವರೆಲ್ಲ ರೈಲಕ್ಕ ಅಂತ ಕರೆಯುವ ಆ ಹೆಂಗಸು ಆಟಿಕೆ ರೈಲು ರಿಪೇರಿ ಮಾಡುವ ಬೆಂಚಿನ ಮುಂದೆ ಸ್ಟೂಲಿನ ಮೇಲೆ ಕೂತು ಹಿತ್ತಾಳೆ ಮುಚ್ಚಳವನ್ನೇ ನೋಡಿದಳು, ಮುಚ್ಚಳ ಖಾಲಿ, ಈಗ ತಾನೆ ಅದರಲ್ಲಿ ಎರಡಿದ್ದವು, ತನ್ನ ಎದೆಬಡಿತದ ಮಾತ್ರೆ ಒಂದು, ಈ ಆಟಿಕೆ ಇಂಜಿನ್ನಿನ ಹೊಗೆಯ ಗುಳಿಗೆ ಒಂದು, ಎರಡೂ ಬಿಳಿ, ಎರಡೂ ಮೆಣಸಿನ ಕಾಳಿಗಿಂತ ತುಸು ದಪ್ಪ, ಅಯ್ಯೋ ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಎರಡನ್ನೂ ಒಂದೇ ಮುಚ್ಚಳಕ್ಕೆ ಯಾಕೆ ಹಾಕಿದೆ? ಕೈ ನಡುಗುತ್ತೆ, ಅದಕ್ಕೆ. ಬೆಳ್ಳಿ ಬಣ್ಣದ ಹಾಳೆಯಿಂದ ಒತ್ತಿದ ಮಾತ್ರೆ ಹಾರಿ ಬೆಂಚಿನಡಿ ಸೇರುತ್ತೆ, ಸೀಸೆಯಿಂದ ಬಗ್ಗಿಸಿದ ಗುಳಿಗೆಯೂ ಹಾಗೇ, ಅದಕ್ಕೇ ಬೆಳಿಗ್ಗೆ ಕೈ ಹತೋಟಿಯಲ್ಲಿರುವಾಗಲೇ ಎರಡನ್ನೂ ಮುಚ್ಚಳಕ್ಕೆ ಹಾಕಿಟ್ಟುಕೊಳ್ಳೋದು, ಮಾತ್ರೆ ಎಡಕ್ಕೆ, ಗುಳಿಗೆ ಬಲಕ್ಕೆ — ಮುಚ್ಚಳ ದುಂಡಗಿದೆಯಲ್ಲೇ, ದುಂಡಗಿರೋದಕ್ಕೆ ಎಡ ಯಾವುದು ಬಲ ಯಾವುದು, ಸ್ಕ್ರೂಡ್ರೈವರ್ ತಗೊಳ್ಳುವಾಗ ಮೊಣಕೈ ತಾಗಿ ಅದು ತಿರುಗಿತಾ, ತಿರುಗಿತು ಅನಿಸುತ್ತೆ, ತಿರುಗಲಿಲ್ಲ ಅಂತಲೂ ಅನಿಸುತ್ತೆ. ಇಂಜಿನ್ನಿಗೆ ಗುಳಿಗೆ, ಮನುಷ್ಯರಿಗೆ ಮಾತ್ರೆ, ಅವರು ಇದ್ದಷ್ಟು ದಿನವೂ ಇದೇ ಪಾಠ, ಗಂಡ ಅನ್ನೋದಕ್ಕಿಂತ ಮೇಷ್ಟ್ರು ಅಂದರೆ ಸರಿ, ನನಗೆ ತಲೆನೋವಿನ ಗುಳಿಗೆ ಕೊಡಿ ಅಂದರೆ ಕೊಡುತ್ತಿರಲಿಲ್ಲ ಪುಣ್ಯಾತ್ಮ, ಮಾತ್ರೆ ಅನ್ನು, ಈ ಬೆಂಚಿನ ಮೇಲೆ ಹೆಸರು ಕಲಸಿಹೋದರೆ ಕೈಯೂ ಕಲಸಿಹೋಗುತ್ತೆ ಕಣೇ, ಆವಾಗ ನಗು ಬರುತ್ತಿತ್ತು. ಇವತ್ತು ಬೆಳಿಗ್ಗೆ ಫೋನಿನಲ್ಲಿ ತಮ್ಮ ಏನು ಕೇಳಿದ, ಅಕ್ಕಾ ಗುಳಿಗೆ ಹಾಕ್ಕೊಂಡ್ಯಾ — ಗುಳಿಗೆ ಅಂದ! ಕೆಳಗಡೆ ಔಷಧಿ ಅಂಗಡಿ ಇಟ್ಟುಕೊಂಡವನು, ದಿನಾ ಮಾತ್ರೆ ಅನ್ನುವವನು, ಇವತ್ತೇ ಯಾಕೆ ಗುಳಿಗೆ ಅಂದ, ಅವಳ ಕೈ ಆಗ ಮುಚ್ಚಳದ ಮೇಲಿತ್ತು, ಹಾಕಿದೆ ಕಣೋ ಅಂದಳು, ಹಾಕ್ಕೊಂಡೆ ಅನ್ನಲಿಲ್ಲ, ಹಾಕಿದೆ ಅಂದಳು, ಫೋನು ಇಟ್ಟಳು, ಒಂದನ್ನು ಚಿಮಣಿಗೆ ಬಿಟ್ಟಳು, ಇನ್ನೊಂದನ್ನು ನುಂಗಿದಳು, ಬಿಳೀದು, ದುಂಡಗಿನದು, ಕರೀ ಬಾಯಿ, ಟಿಕ್.

ಕಹಿಯಾಗಿತ್ತಾ? ಮಾತ್ರೆ ಕಹಿ, ನಾಲಿಗೆಗೆ ತಾಗುವ ಮೊದಲೇ ನೀರು ಸುರಿದುಕೊಳ್ಳೋದು ಅಭ್ಯಾಸ, ರುಚಿ ನೋಡುತ್ತಾ ಕೂರೋಕೆ ಅದೇನು ಕಲ್ಲುಸಕ್ಕರೆಯೇ, ಇವತ್ತು ಒಂದು ದಿನವಾದರೂ ನೋಡಬಾರದಿತ್ತೇ. ಹಾಳೆಯಲ್ಲಿ ಇವತ್ತಿನ ಗುಂಡಿ ಖಾಲಿಯಾಗಿದೆ, ಅದರಿಂದ ಏನು ಗೊತ್ತಾಯಿತು, ಮಣ್ಣು, ಅಲ್ಲಿಂದ ಹೊರಟಿದೆ ಅಂತ ಗೊತ್ತಾಯಿತು, ಎಲ್ಲಿಗೆ ಹೋಗಿ ಇಳಿಯಿತು ಅಂತ ಯಾರು ಹೇಳಬೇಕು. ಗುಳಿಗೆ ಸೀಸೆಯ ಮೇಲೆ ಕೆಂಪಕ್ಷರ, ನುಂಗಬಾರದು, ನುಂಗಿದರೆ ಕೂಡಲೇ ಡಾಕ್ಟರ ಬಳಿ — ಅದರ ಮುಂದಿನ ಅಕ್ಷರ ಅಳಿಸಿಹೋಗಿದೆ, ಮಾಡಿದ ಕಂಪನಿಯೇ ಅಳಿಸಿಹೋಗಿ ಎಷ್ಟು ಕಾಲವಾಯಿತು, ಈಗಿನ ಇಂಜಿನ್ನುಗಳಿಗೆ ಎಣ್ಣೆಯ ತೊಟ್ಟು ಸಾಕು, ಸುರುಳಿ ತಂತಿ ಕಾದರೆ ಹೊಗೆ, ಈ ಹಳೆಯದಕ್ಕೆ ಮಾತ್ರ ಗುಳಿಗೆಯೇ ಆಗಬೇಕು, ಬಲ್ಬಿನ ತಲೆಯಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಕೂತು ಮೇಣದ ಹಾಗೆ ಕರಗಬೇಕು, ಚಕ್ರ ಉರುಳಿದ ಹಾಗೆಲ್ಲ ಪುಟ್ಟ ಪಿಸ್ಟನ್ನು ಗಾಳಿ ತಳ್ಳಬೇಕು, ಪುಫ್, ಪುಫ್. ಇದು ಹಲ್ಲಿನ ಡಾಕ್ಟರ ಇಂಜಿನ್ನು, ಅವರ ಅಪ್ಪನದು, ಸಂಜೆಯೊಳಗೆ ಹೊಗೆ ಹಾಕಿಸಿಕೊಡಿ ಅಕ್ಕಾ ಅಂದಿದ್ದರು, ಹೊಗೆ ಹಾಕಿಸಿಕೊಳ್ಳೋ ವಯಸ್ಸು ನನ್ನದು ಡಾಕ್ಟ್ರೇ, ನಿಮ್ಮ ಇಂಜಿನ್ನಿಗೆ ಯಾಕೆ ಬಿಡಿ ಅಂತ ನಗಿಸಿ ಕಳಿಸಿದ್ದಳು, ನಗು ಈಗ, ನಗು. ಕೆಳಗೆ ಹೋಗಿ ತಮ್ಮನಿಗೆ ಹೇಳಿಬಿಟ್ಟರೆ? ಹೋದ ತಿಂಗಳು ಬೆಸುಗೆ ಕಡ್ಡಿ ಆರಿಸದೆ ಮಲಗಿದಾಗ ಬೆಂಚಿನ ಹಲಗೆ ಅಂಗೈಯಷ್ಟು ಸುಟ್ಟಿತ್ತು, ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮೆತ್ತಗೆ ಹೇಳಿದ, ಇನ್ನೊಂದು ಸಲ ಹೀಗಾದರೆ ಬೆಂಚು ಎತ್ತಿಬಿಡೋಣ ಅಕ್ಕಾ, ನೀನೇ ಒಪ್ಪಿಕೋಬೇಕು. ಒಪ್ಪಿಕೊಂಡಿದ್ದಳು. ಬೆಂಚು ಎತ್ತಿದರೆ ಬೆಳಿಗ್ಗೆ ಎದ್ದು ಏನು ಮಾಡೋದು, ಗೋಡೆ ನೋಡೋದಾ, ಮೂವತ್ತು ವರ್ಷ ಈ ಸ್ಟೂಲಿನ ಮೇಲೆ ಕೂತು ಸವೆದ ಸೊಂಟ ಮೆತ್ತನೆ ಕುರ್ಚಿಗೆ ಒಗ್ಗುತ್ತಾ. ಹೆದರಿಕೆಯಾಯಿತು ಅವಳಿಗೆ, ಹೊಟ್ಟೆಯಲ್ಲಿರೋದಕ್ಕೋ ಬೆಂಚಿಗೋ, ಎರಡಕ್ಕೂ, ಯಾವುದಕ್ಕೆ ಹೆಚ್ಚು ಅಂತ ಅದೂ ತಿಳಿಯಲಿಲ್ಲ. ತಡಿ, ತಡಿ, ಇಂಜಿನ್ನನ್ನೇ ಕೇಳೋಣ, ಹೊಗೆ ಬಂದರೆ ಗುಳಿಗೆ ಅಲ್ಲಿದೆ, ಮಾತ್ರೆ ಇಲ್ಲಿದೆ, ನೀನು ಬದುಕಿದೆ. ಟ್ರಾನ್ಸ್‌ಫಾರ್ಮರಿನ ಹಿಡಿ ತಿರುಗಿಸಿದಳು, ಇಂಜಿನ್ನು ಬೆಂಚಿನ ಸುತ್ತು ಹಳಿಯ ಮೇಲೆ ಒಂದು ಸಲ ಅಲುಗಿ ಹೊರಟಿತು, ಒಂದು ಸುತ್ತು, ಏನಿಲ್ಲ, ಎರಡು ಸುತ್ತು, ಚಿಮಣಿಯ ಬಾಯಿ ಕರ್ರಗೇ ಇದೆ, ಬಾರೋ ನನ್ನಪ್ಪಾ, ಬಾ, ಮೂರನೇ ಸುತ್ತಿಗೆ ಪುಫ್ — ಬಂತು, ಬೆಳ್ಳಗೆ, ದುಂಡಗೆ, ಇನ್ನೊಂದು, ಮತ್ತೊಂದು, ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಬ್ಬಳೇ ನಕ್ಕಳು, ನಗುತ್ತಿದ್ದಂತೆಯೇ ನಿನ್ನೆ ಸಂಜೆ ಕಣ್ಣ ಮುಂದೆ ಬಂತು. ನಿನ್ನೆಯೂ ಒಂದು ಗುಳಿಗೆ ಹಾಕಿ ನೋಡಿದ್ದಳಲ್ಲ, ಅರ್ಧ ಕರಗಿದ್ದಾಗಲೇ ನಿಲ್ಲಿಸಿದ್ದಳಲ್ಲ, ಉಳಿದ ಮೇಣ ಬಲ್ಬಿನ ಮೇಲೇ ಇತ್ತಲ್ಲ, ಇದು ನಿನ್ನೆಯ ಹೊಗೆಯೋ ಇವತ್ತಿನದೋ.

ಮೂಸಿ ನೋಡಬಹುದಿತ್ತು, ಮೂಗು ಇದ್ದಿದ್ದರೆ, ಆ ಜ್ವರ ಬಂದು ಹೋದಾಗಿನಿಂದ ಮೂಗು ಬರೀ ಕನ್ನಡಕ ನಿಲ್ಲಿಸೋಕೆ, ಹಾಲು ಉಕ್ಕಿ ಹೊತ್ತಿದರೂ ತಿಳಿಯದು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ತಮ್ಮ, ಹತ್ತೂವರೆಯಾಯಿತು ಅಂತ ಅರ್ಥ, ಬಾಗಿಲಲ್ಲೇ ನಿಂತು ಅರೆ ಹೊಗೆ ಬಂತಲ್ಲಕ್ಕಾ ಅಂದ, ಮಗುವಿನ ಹಾಗೆ ನೋಡುತ್ತಾ ಹತ್ತಿರ ಬಂದ, ನಿನ್ನ ಕೈ ಇನ್ನೂ ಕೈಯೇ ಬಿಡು ಅಂದ, ಎಷ್ಟು ದಿನವಾಗಿತ್ತು ಅವನು ಇಂಥ ಮಾತಾಡಿ, ಈ ಮಾತು ಸಾಕು, ಇಷ್ಟಕ್ಕೇ ನಿಲ್ಲಲಿ, ಕೆಳಗಿಳಿದು ಹೋಗಲಿ. ಅವನು ಮೂಗು ಅರಳಿಸಿದ. ಏನೋ ಸುಡ್ತಿದೆಯಲ್ಲ ಅಕ್ಕಾ, ಕರಕಲು ವಾಸನೆ, ಔಷಧಿ ಸುಟ್ಟ ಹಾಗೆ. ಅವಳಿಗೆ ಏನೂ ಮೂಗಿಗೆ ಬಡಿಯಲಿಲ್ಲ, ಹೊಗೆ ಎಷ್ಟು ಬೆಳ್ಳಗಿದೆ, ವೈರು ಕಣೋ, ಹಳೇ ವೈರು, ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಅಂದುಬಿಟ್ಟರೆ ಅವನು ನಂಬುತ್ತಾನೆ, ಬೆಂಚು ಉಳಿಯುತ್ತೆ, ಬೆಂಚು ಉಳಿಯುತ್ತೆ, ಅದರ ಮುಂದೆ ಕೂರೋಳು? ಇಂಜಿನ್ನು ಬಾಗಿಲ ಕಡೆಯ ತಿರುವು ದಾಟಿ ಅವಳ ಎದುರಿಗೇ ಬರುತ್ತಿತ್ತು. ಅದು ಮಾತ್ರೆ ಕಣೋ, ಅಂದಳು. ಗುಳಿಗೆ ನಾನು ನುಂಗಿದೆ. ತಮ್ಮ ಗುಳಿಗೆ ಸೀಸೆ ಜೇಬಿಗೆ ಹಾಕಿಕೊಂಡ, ಅವಳ ರಟ್ಟೆ ಹಿಡಿದ, ಎಷ್ಟು ಹೊತ್ತಾಯಿತು ಅಕ್ಕಾ, ನನ್ನ ಕಡೆ ನೋಡು, ಎಷ್ಟು ಹೊತ್ತಾಯಿತು, ಏಳು — ಟ್ರಾನ್ಸ್‌ಫಾರ್ಮರು ಆರಿಸಬೇಕು, ಯಾರಾದರೂ ಆರಿಸಬೇಕು, ಎಷ್ಟು ಹೊತ್ತಾಯಿತು ಅಂದರೆ, ಫೋನು ಇಟ್ಟ ಮೇಲೆ, ನೀರಿಗಿಂತ ಮೊದಲು, ಎರಡು ಬೆರಳ ನಡುವೆ ಬಿಳೀದು, ದುಂಡಗಿನದು, ಬಾಯಿ ತೆರೆದಿತ್ತು, ಕರೀ ಬಾಯಿ, ಅದರದೋ ತನ್ನದೋ, ಬಿಳೀದು ಜಾರಿತು, ಬಾಯಿ ತೆರೆದೇ ಇತ್ತು, ಬಿಳೀದು, ಕರೀ ಬಾಯಿ, ಬಿಳೀದು